ಮೇಮ್‌ಸಾಹೇಬರ ಖಾರವಿಲ್ಲದ ಕೋಳಿ

ಅಂಜುವವರ ಮನೆಯ ವಿಳಾಸವನ್ನು ಇಂತಹ ಪ್ರಸಂಗಗಳು ಅದು ಹೇಗೋ ಹುಡುಕಿಕೊಂಡು ಬರುತ್ತವೆ. ಧೈರ್ಯವಂತರ ಒಲೆಯ ಮೇಲೆ ಹಾಲು ಕೂಡ ಉಕ್ಕುವುದಿಲ್ಲ. ನನ್ನ ಒಲೆಯ ಮೇಲೆ ನೀರೂ ಸೀಯುತ್ತದೆ.

ಲಡಾಯಿ ನಡೆದಿದ್ದ ಕಾಲ. ಗಂಡನನ್ನು ಕಳೆದುಕೊಂಡು ಕುಷ್ಟಗಿಯ ಅಣ್ಣನ ಮನೆ ಸೇರಿದ್ದ ನನ್ನನ್ನು, ಗಂಗಾವತಿಯಲ್ಲಿ ದವಾಖಾನೆ ನಡೆಸುತ್ತಿದ್ದ ಅಮೇರಿಕಾದ ಮೇಮ್‌ಸಾಹೇಬರು ಅಡುಗೆಗೆಂದು ಇಟ್ಟುಕೊಂಡರು. ಇಟ್ಟುಕೊಂಡರು ಎನ್ನುವುದಕ್ಕಿಂತ ಪರೀಕ್ಷೆಗೆ ಕೂರಿಸಿದರು ಎನ್ನಬೇಕು. ಬರುವ ಗುರುವಾರ ಮಧ್ಯಾಹ್ನ ನಿಜಾಮ ಸರಕಾರದ ತಹಸೀಲ್ದಾರರು ಊಟಕ್ಕೆ ಬರುವವರಿದ್ದರು. ಅವರು ಮೆಚ್ಚಿದರೆ ನಾನು ಅಲ್ಲಿಯೇ ಉಳಿಯುವುದು. ಮುಖ ಸಿಂಡರಿಸಿದರೆ ಮರಳಿ ಅಣ್ಣನ ಮನೆ. ಅಲ್ಲಿ ಅತ್ತಿಗೆಯವರು ನಾನು ಉಣ್ಣುವ ಒಂದೊಂದು ರೊಟ್ಟಿಯನ್ನೂ ಕಣ್ಣಿನಿಂದಲೇ ತೂಗುತ್ತಿದ್ದರು.

೧. ಅಜ್ಜಿಯ ಅಡುಗೆ

ಮೇಮ್‌ಸಾಹೇಬರ ಅಜ್ಜಿ ಆಮಿಶ್ ಎಂಬ ಪಂಗಡದವರಂತೆ. ಕಪ್ಪು ಬಟ್ಟೆ ಉಟ್ಟು, ಕುದುರೆ ಹೂಡಿ ಹೊಲ ಉಳುವ ಸಾದಾ ಜನ. ಮನೆಗೆ ದೊಡ್ಡವರು ಬಂದರೆ ಅವರು ಕೋಳಿಯನ್ನು ಇಡಿಯಾಗಿ ಬೇಯಿಸಿ, ಆ ನೀರಿನಲ್ಲಿಯೇ ಬಟಾಟೆ, ಉಳ್ಳಾಗಡ್ಡಿ ಮತ್ತು ಗೋಧಿ ಹಿಟ್ಟಿನ ಚೌಕದ ತುಂಡುಗಳನ್ನು ಕುದಿಸುತ್ತಿದ್ದರಂತೆ. ತಹಸೀಲ್ದಾರರಿಗೂ ಅದನ್ನೇ ಮಾಡಬೇಕೆಂದು ಅಪ್ಪಣೆಯಾಯಿತು. ಮೇಮ್‌ಸಾಹೇಬರು ಪುಸ್ತಕ ಓದಿ ಕಲಿತ ಕನ್ನಡದಲ್ಲಿ ಎಲ್ಲವನ್ನೂ ಹೇಳಿದರು.

"ಖಾರದ ಪುಡಿ ಎಷ್ಟ ಹಾಕಬೇಕ್ರಿ, ಅಮ್ಮಾರ?"

"ಬೇಡ."

"ಹಸಿ ಮೆಣಸಿನಕಾಯಿ?"

"ಬೇಡ."

"ಮಸಾಲಿ? ಒಣಕೊಬ್ಬರಿ? ಅರಿಶಿಣ?"

"ಏನೂ ಬೇಡ."

ಕೊನೆಗೆ ಧೈರ್ಯ ತಂದುಕೊಂಡು ಕೇಳಿದೆ: "ಕೋಳಿನಾದ್ರೂ ಹಾಕಬೇಕೋ ಬ್ಯಾಡೋ, ಅಮ್ಮಾರ?"

೨. ಹಿಟ್ಟಿನ ತುಂಡುಗಳು

ಮಂಗಳವಾರ ಹಿಟ್ಟಿನ ತುಂಡುಗಳನ್ನಷ್ಟೇ ಮಾಡಿ ನೋಡಿದೆ. ಲಟ್ಟಿಸಿ, ಚಾಕುವಿನಿಂದ ಚೌಕವಾಗಿ ಕೊಯ್ದು ಕುದಿಯುವ ನೀರಿಗೆ ಬಿಟ್ಟೆ. ಹಸಿ ಹಿಟ್ಟು ಹೊಟ್ಟೆಗೆ ಹೋಗಿ ತಹಸೀಲ್ದಾರರಿಗೆ ನೋವು ಬಂದರೆ ನನ್ನನ್ನು ಜೈಲಿಗೆ ಹಾಕುತ್ತಾರೆಂಬ ಭಯ. ಆದ್ದರಿಂದ ಇನ್ನೊಂದಿಷ್ಟು ಕುದಿಯಲಿ, ಮತ್ತೊಂದಿಷ್ಟು ಕುದಿಯಲಿ ಎಂದು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಬಿಟ್ಟೆ. ಚೌಕಗಳೆಲ್ಲ ಕರಗಿ ಒಂದೇ ಮುದ್ದೆಯಾದವು. ಸೌಟನ್ನು ಎತ್ತಿದರೆ ಬೋಗುಣಿಯೇ ಮೇಲೆದ್ದಿತು.

ಬೈಗುಳಕ್ಕೆ ಹೆದರಿ ಅದನ್ನು ಹಿತ್ತಲಿನಲ್ಲಿ ಚೆಲ್ಲಲು ಹೊರಟಾಗ ದವಾಖಾನೆಯ ಕಂಪೌಂಡರ್ ಎದುರಿಗೆ ಬಂದರು. ಬೆರಳಿನಿಂದ ಮುಟ್ಟಿ ನೋಡಿ, ಬೋಗುಣಿಯನ್ನೇ ಕಸಿದುಕೊಂಡು ಹೋದರು. ಸಂಜೆಗೆ ಮರಳಿ ಬಂದು ಹೇಳಿದರು:

"ಅಕ್ಕಾರ, ಔಷಧ ಬಾಟ್ಲಿಗೆಲ್ಲಾ ಚೀಟಿ ಹಚ್ಚೀನ್ರಿ. ಬಾಟ್ಲಿ ಒಡದ್ರೂ ಚೀಟಿ ಬಿಡಂಗಿಲ್ಲ. ಮುಂದಿನ ತಿಂಗಳಾನೂ ಇದ ಅಡಗಿ ಮಾಡ್ರಿ."

೩. ಕಾಲಿನ ದಾರ

ಕೋಳಿಯನ್ನು ದವಾಖಾನೆಯ ಕಾವಲುಗಾರ ಕನಕಗಿರಿಯ ಸಂತೆಯಿಂದ ತಂದಿದ್ದ. ನಮ್ಮ ಕಡೆ ಯಾರ ಮನೆಯ ಕೋಳಿಯಾದರೂ ಮುಲ್ಲಾ ಅವರೇ ಕೊಯ್ಯುವುದು ರೂಢಿ. ಗುರುವಾರ ಮುಂಜಾನೆ ಅವರು ಬಂದು ಕೊಯ್ದು ಹೋದರು. ಪುಕ್ಕ ತೆಗೆಯುತ್ತ ಕುಳಿತವಳಿಗೆ ಕಾಲಿನಲ್ಲಿ ಅರಿಶಿಣದ ದಾರ ಕಂಡಿತು. ಮಕ್ಕಳಿಗೆ ಜಡ್ಡಾದರೆ ಹೀಗೆ ದಾರ ಕಟ್ಟಿ ಕೋಳಿಯನ್ನು ದ್ಯಾಮವ್ವನಿಗೆ ಬಿಡುತ್ತಾರೆ. ಬಿಟ್ಟ ಕೋಳಿಯನ್ನು ಬೇರೆಯವರು ಮುಟ್ಟುವಂತಿಲ್ಲ.

ಕಾವಲುಗಾರನನ್ನು ಕೂಗಿದೆ: "ಯಪ್ಪಾ, ದೇವಿ ಕೋಳಿ ತಂದೀಯಲ್ಲೋ!"

"ನಾ ಸಂತ್ಯಾಗ ತಂದೀನವಾ. ಮಾರಿದಾಂವನ್ನ ದೇವಿ ಕೇಳ್ತಾಳ. ನೀ ಯಾಕ ನಡಗತೀ?"

ನನಗೆ ಸಮಾಧಾನವಾಗಲಿಲ್ಲ. ತಪ್ಪಾಯಿತೆಂದು ಗಲ್ಲ ಬಡಿದುಕೊಂಡು, ಆ ದಾರವನ್ನು ಬಿಚ್ಚಿ, ಮೇಮ್‌ಸಾಹೇಬರು ತತ್ತಿಗೆಂದು ಸಾಕಿದ್ದ ಕೆಂಪು ಕೋಳಿಯ ಕಾಲಿಗೆ ಕಟ್ಟಿ, ಇದರ ಬದಲು ಇದು ನಿನ್ನದವ್ವಾ ಎಂದು ಬೇಡಿಕೊಂಡೆ. ಅಷ್ಟರಲ್ಲಿ ಮೇಮ್‌ಸಾಹೇಬರೇ ಬಂದರು.

"ಈ ಕೋಳಿಯ ಕಾಲಿಗೆ ಏನಾಗಿದೆ?"

ಕಾವಲುಗಾರನೇ ಹೇಳಿದ: "ಉಳುಕೈತ್ರಿ, ಅಮ್ಮಾರ."

ಅವರು ಮರುಕದಿಂದ ಕೋಳಿಯನ್ನು ಎತ್ತಿಕೊಂಡು ಹೋಗಿ, ಟಿಂಚರ್ ಹಚ್ಚಿ, ದಾರದ ಮೇಲೆಯೇ ಬಿಳಿಯ ಪಟ್ಟಿ ಸುತ್ತಿದರು. ದ್ಯಾಮವ್ವನ ಹರಕೆಗೆ ದವಾಖಾನೆಯ ಪಟ್ಟಿ ಬಿದ್ದದ್ದು ನಮ್ಮ ಸೀಮೆಯಲ್ಲಿ ಅದೇ ಮೊದಲು.

೪. ತಹಸೀಲ್ದಾರರ ಊಟ

ತಹಸೀಲ್ದಾರರು ಬಂದರು. ದೊಡ್ಡ ಮೀಸೆ, ದೊಡ್ಡ ಧ್ವನಿ. ಹಿಂದಿನ ವಾರವಷ್ಟೇ ಎದೆ ಉರಿಯೆಂದು ಮೇಮ್‌ಸಾಹೇಬರಿಗೆ ತೋರಿಸಿಕೊಂಡು ಹೋಗಿದ್ದರು. ಈ ಸಲ ಹಿಟ್ಟು ಕರಗುವ ಮೊದಲೇ ಇಳಿಸಿದ್ದ ಅಡುಗೆಯ ತಾಟನ್ನು ನಾನು ಮೇಜಿನ ಮೇಲಿಟ್ಟು ಬಾಗಿಲಿನ ಪರದೆಯ ಹಿಂದೆ ನಿಂತೆ. ಬಿಳಿಯ ಸಾರು, ಬಿಳಿಯ ಹಿಟ್ಟಿನ ತುಂಡು, ಬಿಳಿಯ ಬಟಾಟೆ. ನಮ್ಮಲ್ಲಿ ಇಷ್ಟು ಸಪ್ಪಗಿನದನ್ನು ಜ್ವರ ಬಿಟ್ಟವರಿಗಷ್ಟೇ ಕೊಡುತ್ತಾರೆ.

ಅವರು ಒಂದು ಚಮಚ ಬಾಯಿಗಿಟ್ಟರು. ಮೀಸೆ ಅಲ್ಲಿಯೇ ನಿಂತಿತು. ನನ್ನ ಕಣ್ಣಿಗೆ ಕುಷ್ಟಗಿಯ ದಾರಿ ಕಾಣತೊಡಗಿತು.

"ಮೇಮ್‌ಸಾಬ," ದೊಡ್ಡ ಧ್ವನಿ ಸಣ್ಣದಾಗಿತ್ತು, "ನನ್ನ ಮುಂದ ಮುಚ್ಚಿಡಬ್ಯಾಡ್ರಿ. ಮೊನ್ನಿ ಎದಿಗೆ ನಳಗಿ ಹಚ್ಚಿ ನೋಡಿದ್ರಿ. ಖರೇ ಹೇಳ್ರಿ, ನನಗೇನಾಗೈತಿ?"

"ಏನೂ ಆಗಿಲ್ಲ. ಊಟ ಮಾಡಿ. ನನ್ನ ಅಜ್ಜಿ ಇದನ್ನೇ ತಿಂದು ತೊಂಬತ್ತು ವರ್ಷ ಬದುಕಿದರು."

ತಹಸೀಲ್ದಾರರು ಕಣ್ಣು ಮುಚ್ಚಿ, ಕಷಾಯ ಕುಡಿಯುವವರಂತೆ ತಾಟು ಬರಿದು ಮಾಡಿದರು. ತಾವಾಗಿಯೇ ಇನ್ನೊಂದು ತಾಟು ಕೇಳಿ, ಅದನ್ನೂ ಮುಗಿಸಿದರು.

"ದಿನಾ ತಗೋಬೇಕೇನ್ರಿ?"

"ದಿನವೂ ತಿನ್ನಬಹುದು," ಎಂದು ಮೇಮ್‌ಸಾಹೇಬರು ಸಂತೋಷದಿಂದ ಹೇಳಿದರು.

"ಎಷ್ಟ ದಿನಾ?"

"ಎಷ್ಟು ದಿನ ಬೇಕಾದರೂ."

ಅವರು ಹಣೆಯ ಬೆವರು ಒರೆಸಿಕೊಂಡು, ಅಡುಗೆಯವಳನ್ನು ಕರೆಯಿರಿ ಎಂದರು. ನಾನು ಕಂಬ ಹಿಡಿದು ಹಿಡಿದು ಮುಂದೆ ಬಂದೆ.

"ಇದನ್ನ ಮಾಡಿದಾಕಿ ನೀನೇನವಾ?"

"ಹೌದ್ರಿ ಸಾಹೇಬರ. ತಪ್ಪಾತ್ರಿ."

"ನೀ ಈ ಊರ ಬಿಟ್ಟು ಎಲ್ಲೂ ಹೋಗಬ್ಯಾಡ. ನನ್ನ ಜೀವ ನಿನ್ನ ಕೈಯಾಗೈತಿ!"

ಇದಕ್ಕಿಂತ ದೊಡ್ಡ ಮೆಚ್ಚುಗೆಯುಂಟೇ ಎಂದು ಮೇಮ್‌ಸಾಹೇಬರು ಅಲ್ಲಿಯೇ ನನ್ನ ಕೆಲಸವನ್ನು ಕಾಯಂ ಮಾಡಿದರು. ಆದರೆ ತಹಸೀಲ್ದಾರರು ಊಟವನ್ನು ಔಷಧವೆಂದು ತಿಳಿದಿದ್ದಾರೆಂಬ ನಿಜ ಸಂಗತಿ ಬಯಲಾದ ದಿನ ಇಬ್ಬರೂ ಸೇರಿ ನನ್ನನ್ನು ಓಡಿಸುತ್ತಾರೆಂದು ನನಗೆ ಒಳಗೊಳಗೆ ನಡುಕ.

ಮರುದಿನ ಮಧ್ಯಾಹ್ನ ತಹಸೀಲ್ದಾರರ ಚಪರಾಸಿ ಊಟದ ಡಬ್ಬಿ ಹಿಡಿದು ಹಿತ್ತಲ ಬಾಗಿಲಿಗೆ ಬಂದ. ಎಲ್ಲವೂ ಬಯಲಾಯಿತೆಂದು ನಾನು ಗೋಡೆಗೆ ಒರಗಿದೆ.

"ಸಾಹೇಬರ ಔಷಧ ಹಾಕ್ರಿ, ಅಕ್ಕಾರ. ನಿನ್ನಿ ಎರಡು ತಾಟ ತಗೊಂಡ ಮ್ಯಾಲೆ ಭಾಳ ಆರಾಮ ಆಗೈತಂತ."

ಅಂದೂ ಅದನ್ನೇ ಬೇಯಿಸಿದ್ದೆ. ಡಬ್ಬಿ ತುಂಬಿಸಿ ಕೊಟ್ಟೆ. ಅವನು ಅಲ್ಲಿಂದ ಕದಲದೆ, ಚೀಲದಿಂದ ಇನ್ನೂ ನಾಲ್ಕು ಡಬ್ಬಿಗಳನ್ನು ತೆಗೆದು ಸಾಲಾಗಿ ಇಟ್ಟ.

"ಇವು ಯಾರಿಗೋ?"

"ನಿನ್ನಿ ಸಾಹೇಬರು ಮನಿಗೆ ಹೋಗಿ ಔಷಧ ಭಾಳ ರುಚಿ ಐತಂತ ಹೇಳಿದ್ರು, ಅಕ್ಕಾರ. ಈಗ ಮನಿ ಮಂದಿಗೆಲ್ಲಾ ಅದ ಜಡ್ಡು ಬಂದೈತಿ."