ಏಕಾದಶಿಯ ಜೀಪು

ಎಲ್ಲಕ್ಕೂ ಕಾರಣ ಪುಸ್ತಕದೊಳಗೆ ಗುರುತಿಗೆಂದು ಇಟ್ಟಿದ್ದ ಒಂದು ಕಾಗದ.

ವೃಂದಾ ದೇವರಮನೆ ಒರೆಸುತ್ತಿದ್ದಾಗ ಅತ್ತೆಯ ಪಾರಾಯಣದ ಪುಸ್ತಕ ಮಣೆಯಿಂದ ಜಾರಿತು. ಅದರ ಹೊಟ್ಟೆಯಿಂದ ಈ ಕಾಗದ ಬಿತ್ತು. ಅತ್ತೆ ಜಯಲಕ್ಷ್ಮಮ್ಮ ಪುಟದ ಗುರುತಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಇಡುವವರು. ಹಳೆಯ ಕ್ಯಾಲೆಂಡರಿನ ಹಾಳೆ, ಯಾರದೋ ಮದುವೆಯ ಲಗ್ನಪತ್ರಿಕೆಯ ತುಂಡು, ಔಷಧದ ಡಬ್ಬಿಯ ರಟ್ಟು. ಈ ಸಲ ಸಿಕ್ಕಿದ್ದು ಬಣ್ಣದ ಕರಪತ್ರ. ಜವ್ವಾದು ಬೆಟ್ಟದ ಮೇಲಿನ ತೋಟ, ರಸ್ತೆಯೇ ಇಲ್ಲದ ಕಡೆ ಜೀಪಿನಲ್ಲಿ ಸವಾರಿ, ಕಾಡುಪ್ರಾಣಿಗಳು, ಮೂರು ಸಾವಿರ ವರ್ಷದ ಕಲ್ಲುಮನೆಗಳು, ಬಾಳೆಲೆ ಊಟ. ಹಿರಿಯರಿಗೆ ಟ್ರಾಕ್ಟರಿನ ವ್ಯವಸ್ಥೆ ಇದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಒಬ್ಬರೇ ಬಂದರೂ ಸಂತೋಷ.

ಆ ಸಾಲನ್ನು ವೃಂದಾ ಮೂರು ಸಲ ಓದಿದಳು. ಐವತ್ತೊಂದು ವರ್ಷಗಳಲ್ಲಿ ತನಗೆ ಯಾರೂ ಹಾಗೆ ಹೇಳಿದ್ದು ಅವಳಿಗೆ ನೆನಪಿರಲಿಲ್ಲ. ಅವಳು ಎಲ್ಲಿಗೆ ಹೋದರೂ ಹೆಗಲಲ್ಲೊಂದು ಚೀಲ, ಚೀಲದಲ್ಲಿ ಒಬ್ಬರ ಮಾತ್ರೆ, ಇನ್ನೊಬ್ಬರ ಸ್ವೆಟರು, ಮತ್ತೊಬ್ಬರ ಬಿಸಿನೀರು. ತಿರುಪತಿಗೆ ಮೂರು ಸಲ ಹೋಗಿದ್ದಳು. ಮೂರು ಸಲವೂ ಬೆಟ್ಟ ನೋಡಿದ್ದಕ್ಕಿಂತ ಚೀಲದೊಳಗೆ ನೋಡಿದ್ದೇ ಹೆಚ್ಚು. ಒಂದೇ ಒಂದು ದಿನ, ತನ್ನನ್ನು ಯಾರೂ ಏನೂ ಕೇಳದ ದಿನ ಬೇಕಿತ್ತು.

ಅಂಥ ದಿನ ಬೆಸೆಂಟ್ ನಗರದ ಆ ಮನೆಯಲ್ಲಿ ತಿಂಗಳಿಗೆ ಎರಡೇ ಬರುತ್ತಿದ್ದವು. ಏಕಾದಶಿಯಂದು ಒಲೆ ಹಚ್ಚುವಂತಿರಲಿಲ್ಲ. ಗಂಡ ಹರಿದಾಸ ಅಂದು ಆಫೀಸಿನ ಕ್ಯಾಂಟೀನಿನಲ್ಲೇ ಊಟ ಮುಗಿಸುತ್ತಿದ್ದ. ಅತ್ತೆಯದು ನಿರ್ಜಲ ಏಕಾದಶಿ. ಎಪ್ಪತ್ತಾರರ ವಯಸ್ಸಿನಲ್ಲೂ ಒಂದು ಗುಟುಕು ನೀರಿಲ್ಲ. ಹೋದ ವರ್ಷದಿಂದ ಅವರು ಏಕಾದಶಿಯನ್ನು ಮನೆಯಲ್ಲಿ ಕಳೆಯುವುದನ್ನೂ ಬಿಟ್ಟಿದ್ದರು. ಬೆಳಗಿನ ಜಾವ ಕೆಳಗಿನ ಮನೆಯ ಉಪೇಂದ್ರ ಮಾಮನ ಕಾರಿನಲ್ಲಿ ಮಠಕ್ಕೆ ಹೊರಟರೆ ಇಡೀ ದಿನ ಪಾರಾಯಣ ಮುಗಿಸಿ ಕತ್ತಲಾದ ಮೇಲೆ ಬರುತ್ತಿದ್ದರು, ಸೀರೆಯ ಅಂಚಿಗೆಲ್ಲ ಕೆಂಪು ಧೂಳು ಮೆತ್ತಿಕೊಂಡು. ಮಠದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆ ಎನ್ನುತ್ತಿದ್ದರು. ಹಸಿದ ಹೊಟ್ಟೆಗೆ ವಾಯು ತುಂಬಿ ತೇಗು ಬರುತ್ತಿತ್ತು. ವೃಂದಾ ಕನಿಕರದಿಂದ ಅವರ ಕಾಲು ಒತ್ತುತ್ತಿದ್ದಳು.

ಮಾಧವರಂನಲ್ಲಿರುವ ಚಿಕ್ಕಮ್ಮನ ಮಗಳು ರಚನಾ ಮನೆ ಬದಲಿಸುತ್ತಿದ್ದಾಳೆ, ಸಾಮಾನು ಕಟ್ಟಲು ಹೋಗಬೇಕು ಎಂದು ವೃಂದಾ ಮನೆಯಲ್ಲಿ ಹೇಳಿದಳು. ಮದುವೆಯಾದ ಮೇಲೆ ಅವಳು ಹೇಳಿದ ಮೊದಲ ಸರಿಯಾದ ಸುಳ್ಳು. ಆದರೆ ಅತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ನಿಧಾನವಾಗಿ ಬಾ, ಅವಸರವೇನಿಲ್ಲ ಎಂದರು. ಅವರ ಆ ಒಳ್ಳೆಯತನ ವೃಂದಾಳ ಎದೆಗೆ ಮುಳ್ಳಿನಂತೆ ಚುಚ್ಚಿತು.

ಏಕಾದಶಿಯ ದಿನ ಅತ್ತೆ ಕಾರು ಹತ್ತಿದ ಅರ್ಧ ಗಂಟೆಗೆ ಅವಳು ಆಟೋ ಹಿಡಿದು ಶೋಳಿಂಗನಲ್ಲೂರಿಗೆ ಹೋಗಿ ಕರಪತ್ರದವರ ವ್ಯಾನು ಹತ್ತಿದಳು. ಕೈಯಲ್ಲಿ ಚೀಲವಿರಲಿಲ್ಲ. ಎರಡು ಕೈಗಳನ್ನೂ ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಳು, ಯಾರದೋ ಮನೆಯಿಂದ ತಂದ ಪಾತ್ರೆಗಳ ಹಾಗೆ.

ಪೋಳೂರಿನ ಹತ್ತಿರ ವ್ಯಾನು ತಿಂಡಿಗೆ ನಿಂತಿತು. ತುಪ್ಪದ ಪೊಂಗಲಿನ ವಾಸನೆ ಬಂದು ಮೂಗಿನ ಮೇಲೇ ಕೂತಿತು. ಏಕಾದಶಿಯ ಉಪವಾಸ ಮುರಿದರೆ ಇಲ್ಲಿ ನೋಡುವವರಾರು? ಒಂದು ಕಾಫಿಯನ್ನು ಕೈಗೆ ತೆಗೆದುಕೊಂಡೂ ಬಿಟ್ಟಳು. ಆಗ ಕಣ್ಣ ಮುಂದೆ ಮಠದ ಕಂಬಕ್ಕೊರಗಿ ತುಟಿ ಒಣಗಿಸಿಕೊಂಡು ಕೂತ ಅತ್ತೆ ಬಂದರು. ವೃಂದಾ ಲೋಟವನ್ನು ಮೇಜಿನ ಮೇಲಿಟ್ಟು ಈಚೆ ಬಂದಳು.

ತೋಟ ಮುಟ್ಟಿದಾಗ ಒಂಬತ್ತೂವರೆ. ಹಿರಿಯರ ತಂಡವೊಂದು ಆಗಲೇ ಟ್ರಾಕ್ಟರಿನಲ್ಲಿ ಮೇಲೆ ಹೋಗಿದೆ, ಊಟ ಕಲ್ಲುಮನೆಗಳ ಹತ್ತಿರವೇ ಎಂದು ಹೇಳಿ, ಖಾಕಿ ಅಂಗಿಯ ಮಾರ್ಗದರ್ಶಿ ಪ್ರೇರಣಾ ಇವರನ್ನೆಲ್ಲ ತೆರೆದ ಜೀಪಿಗೆ ಹತ್ತಿಸಿದಳು. ವೃಂದಾ ಹಿಂದಿನ ಸೀಟಿನ ಮೂಲೆ ಹಿಡಿದಳು. ಆಗ ಮುಂದಿನ ಸೀಟಿನಲ್ಲಿ ಕೂತಿದ್ದವರು ಮೂಗು ಒರೆಸಿಕೊಳ್ಳಲು ಮಂಕಿ ಕ್ಯಾಪನ್ನು ಸ್ವಲ್ಪ ಕೆಳಗೆಳೆದರು.

ಉಪೇಂದ್ರ ಮಾಮ.

ಮೊದಲು ಅವಳಿಗೆ ಹೋದದ್ದು ಉಸಿರು. ಆಮೇಲೆ ಬಂದದ್ದು ಸಿಟ್ಟು. ಅತ್ತೆಯನ್ನು ಮಠದಲ್ಲಿ ಇಳಿಸಿ ಈ ಮನುಷ್ಯ ಬೆಟ್ಟ ಸುತ್ತಲು ಬಂದಿದ್ದಾನೆ. ಸಂಜೆ ಅವರನ್ನು ಮನೆಗೆ ಕರೆತರುವವರು ಯಾರು? ಬಿಸಿಲಲ್ಲಿ ತಲೆ ಸುತ್ತಿ ಬಿದ್ದರೆ? ಕೇಳಲು ಬಾಯಿ ತೆರೆದಳು, ಮುಚ್ಚಿದಳು. ಕೇಳಿದರೆ ತಾನೂ ಸಿಕ್ಕಿಬೀಳುತ್ತಾಳೆ. ಉಪೇಂದ್ರ ಮಾಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಅವನ ಕಿವಿಗೆ ಬಿದ್ದ ಮಾತು ನೀರಿನ ಪಂಪಿಗಿಂತ ಬೇಗ ಮೇಲಿನ ಮಹಡಿ ಮುಟ್ಟುತ್ತದೆ. ಅತ್ತೆಗೆ ತಿಳಿದರೆ ಇನ್ನೆಂದೂ ಇಂಥ ಏಕಾದಶಿ ಇಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಳು.

ಜೀಪು ಬಂಡೆಯೊಂದನ್ನು ಹತ್ತಿ ಇಳಿಯಿತು. ಎಲ್ಲರೂ ಒಂದು ಗೇಣು ಮೇಲೆ ಹಾರಿದರು.

"ಅಯ್ಯೋ ನನ್ನ ಸೊಂಟ" ಎಂದಳು ವೃಂದಾ.

"ಅಯ್ಯೋ ನನ್ನ ಹಲ್ಲಿನ ಸೆಟ್ಟು" ಎಂದಿತು ಮುಂದಿನ ಮಂಕಿ ಕ್ಯಾಪು.

ಪ್ರೇರಣಾಳ ಮುಖ ಅರಳಿತು. ಅವಳು ಚಾಮರಾಜನಗರದ ಕಡೆಯವಳು. ಆರು ತಿಂಗಳಿಂದ ತಮಿಳಿನಲ್ಲೇ ಮಾತಾಡಿ ನಾಲಗೆ ನೊಂದಿತ್ತು. "ನೀವು ಕನ್ನಡದೋರಾ ಅಕ್ಕ? ಮುಂದ್ಗಡೆ ಸಾರೂ ಕನ್ನಡದೋರೇ ಅನ್ಸುತ್ತೆ. ಬನ್ನಿ, ಇಲ್ಲೇ ಮುಂದೆ ಕೂತ್ಕೊಳ್ಳಿ, ಮಾತಾಡ್ಕೊಂಡು ಹೋಗ್ಬೋದು."

"ಇಲ್ಲೆ ಮಾ, ನಾಂಗ ತಂಜಾವೂರ್" ಎಂದು ವೃಂದಾ ಸೆರಗಿನೊಳಗಿಂದ ತಮಿಳಿನಲ್ಲಿ ಗೊಣಗಿ ತಂಜಾವೂರಿನವಳಾದಳು.

ಮುಂದಿನವರು ತಿರುಗದೆಯೇ ಇಂಗ್ಲಿಷಿನಲ್ಲಿ ತಾನು ನಾಗಪುರದವನೆಂದು ತಿಳಿಸಿದರು. ಪ್ರೇರಣಾ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದಳು. ಉಪೇಂದ್ರ ಮಾಮ ಎಂದಿನಿಂದ ನಾಗಪುರದವನಾದ ಎಂದು ಯೋಚಿಸುವ ಸ್ಥಿತಿಯಲ್ಲಿ ವೃಂದಾ ಇರಲಿಲ್ಲ.

ಆಮೇಲಿನ ಎರಡು ಗಂಟೆಯಲ್ಲಿ ಅವಳು ನೋಡಲು ಬಂದದ್ದು ಯಾವುದನ್ನೂ ನೋಡಲಿಲ್ಲ. ಎಡಕ್ಕೆ ಜಿಂಕೆಗಳಿವೆ ಎಂದಾಗ ಉಪೇಂದ್ರ ಮಾಮ ಎಡಕ್ಕೆ ತಿರುಗಿದ. ಅವಳು ಬಲಕ್ಕೆ ತಿರುಗಬೇಕಾಯಿತು. ಕಣಿವೆಯ ನೋಟಕ್ಕೆ ಎಲ್ಲರೂ ಇಳಿದಾಗ ಅವಳು ಚಪ್ಪಲಿಯ ಉಂಗುಷ್ಠ ಸರಿಮಾಡುತ್ತ ಕೂತಳು. ವಿಚಿತ್ರವೆಂದರೆ ಮಾಮನಿಗೆ ಅಂದು ಜ್ಞಾನದ ದಾಹ ಹತ್ತಿತ್ತು. ಒಂದು ಹುತ್ತದ ಎದುರು ನಿಂತು ಗೆದ್ದಲಿನ ವಿಷಯ ಇಪ್ಪತ್ತು ನಿಮಿಷ ಕೇಳಿದ. ಹಲಸಿನ ಮರಕ್ಕೆ ವಯಸ್ಸೆಷ್ಟು, ಅದು ಹೇಗೆ ಗೊತ್ತು, ಎಣಿಸಿದವರು ಯಾರು. ನಡುನಡುವೆ ಮೊಬೈಲನ್ನು ಆಕಾಶಕ್ಕೆ ಹಿಡಿದು ಸಿಗ್ನಲ್ ಹುಡುಕುತ್ತಿದ್ದ. ಹಸಿವಿನಿಂದ ವೃಂದಾಳ ಕಣ್ಣಿಗೆ ಹುತ್ತವೂ ಪೊಂಗಲಿನ ಗುಡ್ಡೆಯಂತೆ ಕಾಣತೊಡಗಿತ್ತು.

ಕೊನೆಯ ಏರು ಹತ್ತುವ ಮೊದಲು ಪ್ರೇರಣಾ ಎಚ್ಚರಿಕೆ ಕೊಟ್ಟಳು. ಈ ಬೆಟ್ಟದಲ್ಲಿ ಕರಡಿಗಳಿವೆ. ಕಲ್ಲುಮನೆಗಳ ಒಳಗೆ ತಂಪೆಂದು ಒಮ್ಮೊಮ್ಮೆ ಬಂದು ಮಲಗುತ್ತವೆ. ಯಾರೂ ಒಂಟಿಯಾಗಿ ಹತ್ತಿರ ಹೋಗಬಾರದು.

ಜೀಪು ನಿಲ್ಲುವ ಮೊದಲೇ ಉಪೇಂದ್ರ ಮಾಮ ಹಾರಿ ಇಳಿದ. ಅರವತ್ತೆಂಟರ ಆ ಮನುಷ್ಯ ಬಂಡೆಗಳ ನಡುವೆ ಮೇಕೆಯ ಹಾಗೆ ಓಡಿ ಮರೆಯಾದ.

ವೃಂದಾ ಒಂದು ಕ್ಷಣ ಕೂತಳು. ಗಂಟೆ ಹನ್ನೆರಡಾಗಿತ್ತು. ಮಠದಲ್ಲಿ ಅತ್ತೆಗೆ ಈಗ ನಾಲಗೆ ಅಂಟಿಕೊಂಡಿರುತ್ತದೆ. ಇವನನ್ನು ಈಗಲೇ ವಾಪಸ್ಸು ಹೊರಡಿಸದಿದ್ದರೆ ಸಂಜೆಗೆ ಯಾರೂ ಅಲ್ಲಿರುವುದಿಲ್ಲ. ತನ್ನ ಒಂದು ದಿನ ಹೋದರೆ ಹೋಗಲಿ. ಸೆರಗನ್ನು ತಲೆಯಿಂದ ಕೆಳಗಿಳಿಸಿ, ಸೊಂಟಕ್ಕೆ ಸಿಕ್ಕಿಸಿ, ಅವನ ಹಿಂದೆ ನಡೆದಳು. ಬಹಳ ವರ್ಷಗಳ ಮೇಲೆ ಅವಳು ಏನನ್ನೋ ನಿಶ್ಚಯ ಮಾಡಿದ್ದಳು. ಮನಸ್ಸು ಹಗುರವಾಗಿತ್ತು.

ಬಂಡೆಯ ಮೇಲೆ ಕಲ್ಲುಮನೆಗಳು ಸಾಲಾಗಿದ್ದವು. ಮೂರು ಕಡೆ ಮೂರು ಚಪ್ಪಡಿ, ಮೇಲೊಂದು ಚಪ್ಪಡಿ, ಒಬ್ಬರು ಕೂರುವಷ್ಟು ಜಾಗ. ಮಾಮ ಕಾಣಲಿಲ್ಲ. ಕೊನೆಯ ಮನೆಯ ಒಳಗಿಂದ ಸದ್ದು ಬಂತು. ಕರುಂ. ಕರುಂ. ಏನೋ ಎಲುಬು ಮುರಿಯುವ ಸದ್ದು. ಸದ್ದು ನಿಂತಿತು. ಆಮೇಲೆ ಒಂದು ದೀರ್ಘವಾದ ತೇಗು.

ಆ ತೇಗು ಅವಳಿಗೆ ಗೊತ್ತಿತ್ತು. ಒಂದು ವರ್ಷದಿಂದ ಪ್ರತಿ ಏಕಾದಶಿಯ ರಾತ್ರಿ ಅದನ್ನು ಕೇಳುತ್ತ ಕಾಲು ಒತ್ತಿದವಳು ಅವಳೇ.

ಬಗ್ಗಿ ನೋಡಿದಳು. ಒಳಗೆ ಮಡಚುವ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ತೊಡೆಯ ಮೇಲೆ ಬಾಳೆಲೆ, ಎಲೆಯ ಮೇಲೆ ಅರ್ಧ ಮುಗಿದ ಚಿತ್ರಾನ್ನ. ಕೈಯಲ್ಲಿ ಹಪ್ಪಳ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಮಾತಾಡಿದವರು ಅತ್ತೆ.

"ಮಾಧವರಂ ಯಾವಾಗ ಬೆಟ್ಟದ ಮೇಲೆ ಬಂತು?"

"ಮಠ ಬಂತಲ್ಲ ಅತ್ತೆ, ಆಗ್ಲೇ."

ಕಲ್ಲಿನ ಹಿಂದಿನಿಂದ ಉಪೇಂದ್ರ ಮಾಮ ಕೈಯಲ್ಲಿ ಎಲೆ ಹಿಡಿದುಕೊಂಡೇ ಬಂದ. "ಕೆಳಗೆ ಇವಳನ್ನ ಕಂಡು ಜೀಪು ಹತ್ತಿ ನಾನು ಎಷ್ಟು ತಡ ಮಾಡಿಸ್ದೆ ಮಾಮಿ. ಗೆದ್ದಲು ಹುಳದ ಹತ್ರ ಇಪ್ಪತ್ತು ನಿಮಿಷ. ನೀವು ಅಷ್ಟ್ರಲ್ಲಿ ಮುಗಿಸ್ಬಾರ್ದಾ?" ಎಂದು ಅತ್ತೆಯನ್ನು ಆಕ್ಷೇಪಿಸಿದ. ಅಷ್ಟು ದೂರದ ಹಲಸಿನ ನೆರಳಿನಲ್ಲಿ ಮಠದ ಪಾರಾಯಣ ಮಂಡಲಿ ಪೂರ್ತಿ ಸಾಲಾಗಿ ಕೂತು ಎರಡನೇ ಸಲ ಬಡಿಸಿಕೊಳ್ಳುತ್ತಿರುವುದು ಆಗ ವೃಂದಾಳಿಗೆ ಕಂಡಿತು. ಮಾಮನನ್ನು ಅತ್ತೆ ಕಣ್ಣಿನಲ್ಲೇ ಅತ್ತ ಕಳಿಸಿದರು.

"ಕೂತ್ಕೋ" ಎಂದರು ಅತ್ತೆ. ವೃಂದಾ ಕಲ್ಲಿನ ಹೊಸ್ತಿಲ ಮೇಲೆ ಕೂತಳು.

"ನಂಗೆ ಸಕ್ಕರೆ ಕಾಯಿಲೆ ಇದೆ, ಹೊಟ್ಟೆ ಖಾಲಿ ಬಿಡಬಾರ್ದು ಅಂದ್ರು ಡಾಕ್ಟರು. ಒಂದು ವರ್ಷ ಆಯ್ತು."

"ನಂಗೆ ಯಾಕೆ ಹೇಳ್ಲಿಲ್ಲ?"

ಅತ್ತೆ ಹಪ್ಪಳವನ್ನು ಎಲೆಯ ಮೇಲಿಟ್ಟರು. "ನೀ ಮದುವೆಯಾಗಿ ಬಂದ ಮೊದಲನೇ ಏಕಾದಶಿ. ಮಧ್ಯಾಹ್ನ ಬಂದು ಒಂದು ಬಾಳೆಹಣ್ಣು ತಿನ್ಲಾ ಅಂತ ಕೇಳ್ದೆ. ನಾ ಕೊಡ್ಲಿಲ್ಲ. ನೀ ಮತ್ತೆ ಯಾವತ್ತೂ ಕೇಳ್ಲಿಲ್ಲ. ಹೀಗಿರೋವಾಗ ನಿನ್ನೆದುರಿಗೆ ಹೇಗೆ ತಿನ್ನೋದು, ಹೇಳು. ಅದಕ್ಕೇ ದೂರ ಬರ್ತೀನಿ."

ಆ ಬಾಳೆಹಣ್ಣು ವೃಂದಾಳಿಗೆ ನೆನಪಿತ್ತು. ಅತ್ತೆಗೂ ನೆನಪಿರಬಹುದೆಂದು ಇಪ್ಪತ್ತೇಳು ವರ್ಷಗಳಲ್ಲಿ ಅವಳಿಗೆ ಹೊಳೆದಿರಲಿಲ್ಲ. ಅತ್ತೆ ಉಪವಾಸ ಮಾಡುತ್ತಾರೆಂದು ಇವಳು, ಇವಳು ನೋಡುತ್ತಾಳೆಂದು ಅತ್ತೆ. ಇಬ್ಬರ ನಡುವೆ ಇಷ್ಟು ವರ್ಷ ಹಸಿವೊಂದು ಸುಮ್ಮನೆ ಓಡಾಡಿಕೊಂಡಿತ್ತು.

ಅಷ್ಟರಲ್ಲಿ ಪ್ರೇರಣಾ ಉಳಿದವರನ್ನು ಕರೆತಂದು ವಿವರಿಸತೊಡಗಿದಳು. ಇವು ವಾಸದ ಮನೆಗಳಲ್ಲ, ಸಮಾಧಿಗಳು. ಸತ್ತವರ ಎಲುಬಿನ ಜೊತೆ ಮಡಕೆಗಳಲ್ಲಿ ಕಾಳನ್ನೂ ಇಡುತ್ತಿದ್ದರಂತೆ, ಅವರಿಗೂ ಹಸಿವಾಗುತ್ತದೆಂದು. ಆ ಕಾಳನ್ನು ಹಸನು ಮಾಡಿದವಳು ಯಾರಿರಬಹುದು, ಅವಳು ಅಂದು ಊಟ ಮಾಡಿದ್ದಳೋ ಇಲ್ಲವೋ ಎಂದು ವೃಂದಾ ಯೋಚಿಸಿದಳು.

ಅತ್ತೆಯ ಕೈ ಎಲೆಯ ಮೇಲೆ ನಿಂತಿತ್ತು. ಏಕಾದಶಿ ಮುರಿಯುವಾಗಲೂ ಮಡಿ ಮುರಿಯಬಾರದೆಂದು, ಯಾರೂ ಮುಟ್ಟದ ಜಾಗ ಹುಡುಕಿ ಅವರು ಇಲ್ಲಿ ಕೂತಿದ್ದರು. ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಮೂರು ಸಾವಿರ ವರ್ಷ ಆದ್ಮೇಲೆ ಸೂತಕ ಇರಲ್ಲ" ಎಂದು ತೀರ್ಮಾನಿಸಿ ಮತ್ತೊಂದು ತುತ್ತು ತೆಗೆದುಕೊಂಡರು.

ವೃಂದಾಳಿಗೆ ನಗು ಬಂತು, ಅದರ ಹಿಂದೆಯೇ ಹಸಿವೂ ಬಂತು. ಇನ್ನು ಮುಚ್ಚಿಡುವುದೇನಿದೆ? ಎಲೆಯ ಅಂಚಿನಲ್ಲಿದ್ದ ಹಪ್ಪಳಕ್ಕೆ ಕೈ ಚಾಚಿದಳು. ಅತ್ತೆ ಎಲೆಯನ್ನು ಮೆಲ್ಲಗೆ ಆಚೆ ಸರಿಸಿದರು.

"ಬೇಡಮ್ಮ. ನಂದಂತೂ ಹೋಯ್ತು. ಮನೇಲಿ ಒಬ್ಬರಾದ್ರೂ ಹಿಡೀಬೇಕಲ್ಲ." ದನಿಯಲ್ಲಿ ನಿಜವಾದ ಮರುಕವಿತ್ತು. "ಬೆಳಗಿಂದ ತಡ್ಕೊಂಡಿದ್ದೀಯ. ಇನ್ನೊಂದು ಸ್ವಲ್ಪ ಹೊತ್ತು ತಾನೆ. ಮತ್ತೆ, ನಾಳೆ ಪಾರಣೆಗೆ ಅಗಸೆಸೊಪ್ಪು ಮರೀಬೇಡ. ನೀನೂ ಇಲ್ಲಿಗೆ ಬಂದಿದ್ದೀಯ, ತಲೆಗೆ ನೀರು ಹಾಕ್ಕೊಂಡೇ ಒಲೆ ಹಚ್ಚು."

ಸೂತಕ ಅತ್ತೆಗೆ ಮಾತ್ರ ಕಳೆದಿತ್ತು ಎಂದು ತೋರುತ್ತದೆ.

ಮರುದಿನ ದ್ವಾದಶಿ. ವೃಂದಾ ನಾಲ್ಕಕ್ಕೆ ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಿದಳು, ಸೊಪ್ಪು ಸೋಸಿದಳು, ನೆಲ್ಲಿಕಾಯಿ ಅರೆದಳು. ಸೂರ್ಯ ಹುಟ್ಟುವ ಹೊತ್ತಿಗೆ ಮೂರು ಎಲೆ ಹಾಕಿದಳು. ಅತ್ತೆ ಗೋಡೆಗೊರಗಿ ಕೂತಿದ್ದರು, ಕಣ್ಣು ಅರ್ಧ ಮುಚ್ಚಿ. ಪಕ್ಕದ ಮಣೆಯ ಮೇಲೆ ಪಾರಾಯಣದ ಪುಸ್ತಕ. ಅದರ ನಡುವಿನಿಂದ ಬಣ್ಣದ ಕಾಗದದ ತುದಿಯೊಂದು ಹೊರಗಿಣುಕುತ್ತಿತ್ತು. ಬೆಟ್ಟದ ಕರಪತ್ರವಲ್ಲ, ಹೊಸದು.

"ಅಮ್ಮಂಗೆ ಮೊದ್ಲು ಬಡ್ಸು" ಎಂದ ಹರಿದಾಸ. "ನಿನ್ನೆಯಿಡೀ ಒಂದು ತೊಟ್ಟು ನೀರಿಲ್ಲ ಅವರಿಗೆ. ನೀನು ಬಿಡು, ರಚನಾ ಮನೇಲಿ ಏನಾದ್ರೂ ತಿಂದಿರ್ತೀಯ."

ವೃಂದಾ ಅತ್ತೆಯ ಕಡೆ ನೋಡಿದಳು. ಅತ್ತೆ ಕಣ್ಣು ತೆರೆಯಲಿಲ್ಲ.

"ಹೋಗ್ಲಿ ಬಿಡೋ. ಚಿಕ್ಕವಳು. ಅವಳಿಗೆ ಹಸಿವು ತಡೆಯೋಕಾಗಲ್ಲ" ಎಂದರು.

ವೃಂದಾ ಬಡಿಸಿದಳು. ಎರಡು ತುತ್ತಿಗೆ ಅತ್ತೆ ಎಲೆಗೆ ಕೈ ಅಡ್ಡ ಹಿಡಿದು ಸಾಕೆಂದರು; ಬೆಟ್ಟದ ಚಿತ್ರಾನ್ನ ಇನ್ನೂ ಅರಗಿರಲಿಲ್ಲ. ವೃಂದಾ ತನ್ನ ಎಲೆಗೆ ಮೂರನೇ ಸಲ ಅನ್ನ ಹಾಕಿಕೊಳ್ಳುತ್ತಿದ್ದಳು. ಹರಿದಾಸ ಇಬ್ಬರ ಎಲೆಗಳನ್ನೂ ನೋಡಿ, ಗೌರವದಿಂದ ದನಿ ತಗ್ಗಿಸಿ ಹೆಂಡತಿಗೆ ಹೇಳಿದ:

"ನೋಡಿ ಕಲಿ. ನಿರ್ಜಲ ಮಾಡಿದೋರು ಎಷ್ಟು ತಿಂತಾರೆ ನೋಡು."