ಎರಡು ಹಡಗುಯಾತ್ರೆಗಳ ನಡುವೆ ಒಂದು ಲುಂಗಿ

ಮೂರು ದಿನ ಸಮುದ್ರದ ಮೇಲೆ ಕಳೆದ ಮೇಲೆ, ಹಡಗಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೆ. ಇಡ್ಲಿ ಯಾವ ಅಂತಸ್ತಿನಲ್ಲಿ ಸಿಗುತ್ತದೆ, ಲಿಫ್ಟು ಯಾವ ಕಡೆ, ಎರಡನೇ ಸಲ ಕಾಫಿ ಕೇಳಿದರೆ ಮುಖ ಸಿಂಡರಿಸುತ್ತಾರೋ ಇಲ್ಲವೋ, ಎಲ್ಲವೂ ಬಾಯಿಪಾಠ. ವಕ್ಕಲೇರಿ ಹತ್ತಿರದ ನಮ್ಮೂರಿನ ಹಾಲಿನ ಡೈರಿಯಲ್ಲಿ ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದವನಿಗೆ ಒಂದು ಹಡಗು ಯಾವ ಮಹಾ?

ನಾನೂ ನನ್ನ ಹೆಂಡತಿ ಪದ್ಮಳೂ ಹಡಗು ಹತ್ತಿದ್ದೇ ಒಂದು ಎಡವಟ್ಟು. ನನ್ನ ನಿವೃತ್ತಿಯ ಉಡುಗೊರೆ ಎಂದು ಮಗಳು ನಮಗೆ ಹೇಳದೆ ಮೂರು ದಿನದ ಯಾತ್ರೆಗೆ ಟಿಕೆಟ್ ಮಾಡಿಸಿದ್ದಳು. ಚೆನ್ನೈನಲ್ಲಿ ಹತ್ತುವುದು, ಚೆನ್ನೈನಲ್ಲೇ ಇಳಿಯುವುದು. ಅದೇ ಹೊತ್ತಿಗೆ ಮುಳಬಾಗಿಲಿನ ನನ್ನ ಷಡ್ಡಕ, ಅಂದರೆ ಪದ್ಮಳ ಅಕ್ಕ ಸರೋಜಮ್ಮನ ಗಂಡ ವೆಂಕಟರಮಣಪ್ಪನವರು, ಅದೇ ಹಡಗಿನ ಮುಂದಿನ ಐದು ದಿನದ ಯಾತ್ರೆಗೆ ನಮ್ಮನ್ನೂ ಸೇರಿಸಿ ನಾಲ್ಕು ಟಿಕೆಟ್ ಮಾಡಿಸಿಬಿಟ್ಟಿದ್ದರು. ಎರಡೂ ರದ್ದಾಗುವಂತಿರಲಿಲ್ಲ. ಒಂದು ಯಾತ್ರೆ ಮುಗಿದ ದಿನವೇ ಇನ್ನೊಂದು ಶುರು. ಕೋಣೆಯೂ ಅದೇ.

ಷಡ್ಡಕರು ನಿವೃತ್ತ ಹೆಡ್‌ಮಾಸ್ಟರು. ಮದುವೆಯಾದಾಗಿನಿಂದಲೂ ನನ್ನನ್ನು, ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಹಾಗೆ ನೋಡುವವರು. ಅವರೆದುರು ಒಮ್ಮೆಯಾದರೂ ಸೈ ಅನ್ನಿಸಿಕೊಳ್ಳಬೇಕು ಎಂಬುದು ನನ್ನ ಬಹುದಿನದ ಆಸೆ. ಹಾಗಾಗಿ ಹಡಗಿನಿಂದಲೇ ಫೋನು ಮಾಡಿ ಹೇಳಿದ್ದೆ: "ಅಣ್ಣಾ, ನೀವು ಆರಾಮಾಗಿ ಹನ್ನೆರಡು ಗಂಟೆಗೆ ಬನ್ನಿ. ನಾನು ಪದ್ಮ ಜಮ್ ಅಂತ ರೆಡಿಯಾಗಿ ನಿಮ್ಮನ್ನ ಎದುರುಗೊಳ್ತೀವಿ. ಇಲ್ಲಿ ಎಲ್ಲಾ ನನಗೆ ಗೊತ್ತು."

ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಗೋವಾದ ಹೆಂಗಸು ಕೊನೆಯ ದಿನ ಸಂಜೆ ಬಂದು ಅರೆಬರೆ ಕನ್ನಡದಲ್ಲಿ, "ಸರ್, ನೀವು ಮುಂದಿನ ಟ್ರಿಪ್ಪಿಗೂ ಇದೀರಿ. ಸಾಮಾನು ಕೋಣೇಲೇ ಇರಲಿ. ನಾಳೆ ಹತ್ತು ಗಂಟೆಗೆ ಇಬ್ಬರೂ ಒಂದ್ಸಲ ಇಳಿದು ಹೊಸ ಕಾರ್ಡ್ ತಗೊಂಡು ಹತ್ತಿದ್ರೆ ಸಾಕು" ಎಂದಳು. ಅದನ್ನೇ ಬರೆದಿದ್ದ ಕಾಗದವನ್ನೂ ಕೊಟ್ಟಳು. ಸುತ್ತೋಲೆಗಳನ್ನು ಓದದೆ ಫೈಲಿಗೆ ಸೇರಿಸುವುದು ನನ್ನ ಸೇವಾವಧಿಯ ಅಭ್ಯಾಸ. ತಲೆಯಾಡಿಸಿ ಕಾಗದವನ್ನು ದಿಂಬಿನ ಕೆಳಗಿಟ್ಟೆ.

ಊಟ ಮುಗಿಸಿ ಬರುವಾಗ ನೋಡುತ್ತೇನೆ, ಓಣಿಯುದ್ದಕ್ಕೂ ಪ್ರತಿ ಬಾಗಿಲ ಮುಂದೆ ಸೂಟ್‌ಕೇಸುಗಳು! ಒಂದೊಂದಕ್ಕೂ ಬಣ್ಣದ ಚೀಟಿ. ಬೆಳಿಗ್ಗೆ ಇಳಿಯುವವರ ಸಾಮಾನನ್ನು ಆಳುಗಳು ಎತ್ತಿಕೊಂಡು ಹೋಗಿ ದಡಕ್ಕೆ ಮುಟ್ಟಿಸುವ ಏರ್ಪಾಡು ಅದು. ಹಾಲಿನ ಲಾರಿ ಬರುವ ಮುಂಚೆ ಕ್ಯಾನುಗಳು ಬಾಗಿಲಾಚೆ ಸಾಲಾಗಿ ನಿಂತಿರಬೇಕು ಎಂದು ಮೂವತ್ತು ವರ್ಷ ಜೀವ ತೇಯ್ದವನು ನಾನು. ಎಲ್ಲರ ಬಾಗಿಲಲ್ಲೂ ಕ್ಯಾನು ಇದೆ, ನಮ್ಮ ಬಾಗಿಲಲ್ಲಿ ಮಾತ್ರ ಇಲ್ಲ. ನನ್ನ ಕೈ ಸುಮ್ಮನಿರುವುದಾದರೂ ಹೇಗೆ?

ನಮ್ಮ ಕೋಣೆಗೆ ಚೀಟಿಯೇ ಕೊಟ್ಟಿರಲಿಲ್ಲ. ಇದು ಸಿಬ್ಬಂದಿಯ ಲೋಪವೆಂದು ಪರಿಗಣಿಸಿ, ಕೆಳಗಿನ ಕೌಂಟರಿಗೆ ಹೋಗಿ ಎರಡು ಹಳದಿ ಚೀಟಿ ಕೇಳಿ ಪಡೆದೆ. "ನಾಳೆ ಇಳೀತೀರಾ ಸರ್?" ಎಂದು ಕೇಳಿದರು. "ಹೌದು, ಹತ್ತು ಗಂಟೆಗೆ" ಎಂದೆ. ಸುಳ್ಳೇನೂ ಹೇಳಲಿಲ್ಲ. ಪದ್ಮ ಆಗಲೇ ನೈಟಿ ತೊಟ್ಟು ಮಲಗಿದ್ದಳು. ಅವಳನ್ನೇಕೆ ಎಬ್ಬಿಸುವುದೆಂದು, ನಾನೂ ಲುಂಗಿಯುಟ್ಟು, ಬಿಚ್ಚಿದ ಪ್ಯಾಂಟು ಷರಟನ್ನೂ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನೂ ತುರುಕಿ, ಎರಡೂ ಸೂಟ್‌ಕೇಸುಗಳ ಬೀಗ ಒತ್ತಿ ಹೊರಗಿಟ್ಟೆ. ಪಕ್ಕದವರದ್ದು ಸೊಟ್ಟಗಿತ್ತು. ಅದನ್ನೂ ನೆಟ್ಟಗೆ ಮಾಡಿದೆ.

ಬೆಳಿಗ್ಗೆ ಪದ್ಮ ಕೇಳಿದಳು, "ರೀ, ನನ್ನ ಸೀರೆ ಎಲ್ಲಿ?"

"ಲಗೇಜು ಆಗಲೇ ದಡ ಸೇರಿರುತ್ತೆ. ಎಲ್ಲಾ ವ್ಯವಸ್ಥೆ ಮಾಡಿದೀನಿ."

"ದಡಾನಾ? ನಾವು ಇಳಿಯೋದು ಐದು ದಿನ ಬಿಟ್ಟು ಕಣ್ರೀ!"

ಆಮೇಲೆ ಅವಳು ಹೇಳಿದ್ದರಲ್ಲಿ ಸ್ವಲ್ಪ ಕನ್ನಡ, ಹೆಚ್ಚು ತೆಲುಗು. ಸಿಟ್ಟು ಬಂದರೆ ಅವಳಿಗೆ ತವರಿನ ಮಾತೇ ಬರುವುದು. ಅವಳ ಮೈಮೇಲೆ ನೈಟಿ, ನನ್ನ ಮೈಮೇಲೆ ಲುಂಗಿ ಬನಿಯನ್ನು. ಕೋಣೆಯಲ್ಲಿ ಉಳಿದಿದ್ದ ಬಟ್ಟೆಯೆಂದರೆ, ಸ್ನಾನವಾದ ಮೇಲೆ ತೊಡಲು ಹಡಗಿನವರು ಕೊಟ್ಟಿದ್ದ ಎರಡು ಬಿಳಿ ಟವಲಿನ ನಿಲುವಂಗಿಗಳು.

"ನಮ್ಮಕ್ಕ ಭಾವನ ಮುಂದೆ ನಾನು ನೈಟೀಲಿ ಬರಲ್ಲ. ಅವರು ಬರೋಷ್ಟರಲ್ಲಿ ಸೀರೆ ತನ್ನಿ. ಇಲ್ದಿದ್ರೆ ನೀವೂ ಬರ್ಬೇಡಿ" ಎಂದು ಆಜ್ಞೆಯಾಯಿತು. ಲುಂಗಿಯ ಮೇಲೆ ನಿಲುವಂಗಿ ಸುತ್ತಿಕೊಂಡು ಇಳಿದೆ.

ಬಂದರಿನ ದೊಡ್ಡ ಹಜಾರದಲ್ಲಿ ನಮ್ಮ ಪೆಟ್ಟಿಗೆಗಳು ಬೇಗನೇ ಸಿಕ್ಕವು. ತೆರೆಯೋಣವೆಂದರೆ ಬೀಗದ ಕೈ ಪದ್ಮಳ ತಾಳಿಸರದ ಪಿನ್ನಿನಲ್ಲಿ. ಪೆಟ್ಟಿಗೆಯನ್ನೇ ಎತ್ತಿಕೊಂಡು ಹೊರಟರೆ ಅಧಿಕಾರಿ ತಡೆದ. ಹಳೆಯ ಯಾತ್ರೆಯವರು ಕೊನೆಯ ಒಬ್ಬರವರೆಗೂ ಇಳಿದು ಹಡಗು ಖಾಲಿಯಾಗುವ ತನಕ, ಇಳಿದ ಮನುಷ್ಯನೂ ಒಳಗೆ ಹೋಗುವಂತಿಲ್ಲ, ಇಳಿದ ಪೆಟ್ಟಿಗೆಯೂ ಹೋಗುವಂತಿಲ್ಲವಂತೆ.

ಪದ್ಮಳಿಗೆ ಫೋನು ಮಾಡಿದೆ. "ನೀನು ಇಳಿಯೋ ತನಕ ಸೀರೆ ಒಳಗೆ ಬರಲ್ಲ ಕಣೇ."

"ಸೀರೆ ಬರೋ ತನಕ ನಾನು ಇಳಿಯಲ್ಲ ಕಣ್ರೀ" ಎಂದು ಇಟ್ಟುಬಿಟ್ಟಳು.

ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಏಮಯ್ಯಾ ಸ್ವಾಮಿ, ಏನಿದು ವೇಷ?"

ಷಡ್ಡಕರು! ಹೆಡ್‌ಮಾಸ್ಟರ ಬುದ್ಧಿ, ಒಂದು ಗಂಟೆ ಮುಂಚೆಯೇ ಬಂದು, ಸರೋಜಕ್ಕನ ಜೊತೆ ಹೊಸಬರ ಸಾಲಿನ ಮೊದಲಲ್ಲೇ ನಿಂತಿದ್ದಾರೆ. ನನ್ನ ಮರ್ಯಾದೆ ನಿಲುವಂಗಿಯ ಸೊಂಟದ ದಾರದಲ್ಲಿ ನೇತಾಡುತ್ತಿತ್ತು. ಬಾಯಿ ತಾನಾಗಿಯೇ ಹೇಳಿತು, "ಇದಾ ಅಣ್ಣಾ? ಎರಡನೇ ಟ್ರಿಪ್ಪಿಗೆ ನಿಲ್ಲೋರಿಗೆ ಹಡಗಿನೋರು ಮಾಡೋ ಮರ್ಯಾದೆ. ಶಾಲು ಹೊದಿಸಿದ ಹಾಗೆ."

ಅವರು ಬಟ್ಟೆಯನ್ನು ಮುಟ್ಟಿ ನೋಡಿದರು. "ಪರವಾಗಿಲ್ವೇ" ಎಂದರು. ಮೂವತ್ತು ವರ್ಷದಲ್ಲಿ ಅವರ ಬಾಯಿಂದ ನನಗೆ ಸಿಕ್ಕ ಮೊದಲ ಪ್ರಶಸ್ತಿ ಅದು. ನಾನು ಉಬ್ಬಿಹೋದೆ.

ಆಗ ಮೈಕಿನಲ್ಲಿ ಪ್ರಕಟಣೆಯಾಯಿತು. ಹಡಗಿನಲ್ಲಿ ಇನ್ನೂ ಒಬ್ಬರು ಮಹಿಳಾ ಪ್ರಯಾಣಿಕರು ಉಳಿದಿದ್ದಾರೆ, ಅವರು ಇಳಿಯುವವರೆಗೆ ಹತ್ತಿಸಲಾಗುವುದಿಲ್ಲ, ದಯವಿಟ್ಟು ಸಹಕರಿಸಿ. ಸಾಲಿನಲ್ಲಿದ್ದ ಸಾವಿರಾರು ಜನ ಗೊಣಗಿದರು.

"ಯಾರೋ ಒಬ್ಬರಿಂದ ಇಷ್ಟು ಜನಕ್ಕೆ ತೊಂದ್ರೆ. ಶಿಸ್ತು ಅನ್ನೋದೇ ಇಲ್ಲ" ಎಂದರು ಷಡ್ಡಕರು.

"ನಾಚಿಕೆ ಇಲ್ಲದ ಜನ ಅಣ್ಣಾ" ಎಂದೆ. ಬೇರೆ ಏನು ಹೇಳಲಿ?

ಸರೋಜಕ್ಕ ಸುಮ್ಮನಿರಬೇಕಲ್ಲ, ತಂಗಿಗೆ ಫೋನು ಹಚ್ಚಿದರು. "ಪದ್ಮಾ, ಎಲ್ಲಿದೀಯೇ? ಯಾವಳೋ ಮಹಾರಾಣಿ ಒಳಗೇ ಕೂತಿದಾಳಂತೆ. ಇಲ್ಲಿ ನಿಂತೂ ನಿಂತೂ ನನ್ನ ಮಂಡಿ ಹಿಡ್ಕೊಂಡೋಯ್ತು."

ಆ ಕಡೆಯಿಂದ ಕೇಳಿಸಿತು, "ಬಂದೆ ಕಣಕ್ಕ."

ಐದು ನಿಮಿಷಕ್ಕೆ ಗಾಜಿನ ಬಾಗಿಲು ತೆರೆಯಿತು. ನೈಟಿಯ ಮೇಲೆ ಬಿಳಿ ನಿಲುವಂಗಿ, ಕೈಯಲ್ಲಿ ಪರ್ಸು. ಪದ್ಮ ತಲೆಯೆತ್ತಿಕೊಂಡು ನಡೆದು ಬಂದಳು. ಇಡೀ ಸಾಲು ಚಪ್ಪಾಳೆ ತಟ್ಟಿತು. ಅವಳ ಕಣ್ಣಂಚು ಒದ್ದೆಯಾಗಿದ್ದನ್ನು ನಾನೊಬ್ಬನೇ ನೋಡಿದೆ. ಆ ಕ್ಷಣ ಸಮುದ್ರಕ್ಕೆ ಹಾರಿಬಿಡೋಣ ಅನ್ನಿಸಿತು, ಆದರೆ ಸಮುದ್ರದ ಕಡೆ ಹೋಗಲೂ ಆ ಅಧಿಕಾರಿ ನನ್ನನ್ನು ಬಿಡುವಂತಿರಲಿಲ್ಲ.

"ಓಹೋ, ಪದ್ಮಂಗೂ ಮರ್ಯಾದೆ ಮಾಡಿದಾರೆ!" ಎಂದರು ಷಡ್ಡಕರು ಸಂಭ್ರಮದಿಂದ.

"ಯಾವ ಮರ್ಯಾದೆ ಭಾವ? ಇವರು ನನ್ನ ಸೀರೆನೆಲ್ಲಾ ಹಾಲಿನ ಕ್ಯಾನ್ ಥರ ಲಾರಿಗೆ ಇಟ್ಟವ್ರೆ" ಎಂದು ಪದ್ಮ ಎಲ್ಲವನ್ನೂ ಒದರಿದಳು. ಷಡ್ಡಕರು ನನ್ನನ್ನು ನೋಡಿದರು. ಹಾಲಿನಲ್ಲಿ ನೀರು ಪತ್ತೆಯಾಗಿತ್ತು.

ಮುಂದಿನ ಐದು ದಿನ ಅವರು ಈ ಕಥೆಯನ್ನು ಊಟದ ಪ್ರತಿ ಮೇಜಿನಲ್ಲೂ ಹೇಳಿದರು. ಕೊನೆಯ ಸಂಜೆ ಮತ್ತೆ ಓಣಿಯಲ್ಲಿ ಸೂಟ್‌ಕೇಸುಗಳು ಸಾಲುಗಟ್ಟಿದವು. ನಾನು ಲುಂಗಿಯುಟ್ಟು ಕೈಕಟ್ಟಿ ಕುಳಿತೆ. "ನಾನೇನೂ ಮುಟ್ಟಲ್ಲ, ನೀನೇ ನೋಡ್ಕೊ" ಎಂದೆ. ಪದ್ಮ ತಾನೇ ಚೀಟಿ ಕಟ್ಟಿ ಎರಡನ್ನೂ ಹೊರಗಿಟ್ಟಳು.

ಬೆಳಿಗ್ಗೆ ಅವಳು ಗರಿಗರಿ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ನಾನು ಕೋಣೆಯೆಲ್ಲಾ ಹುಡುಕಿದೆ.

"ಪದ್ಮಾ, ನನ್ನ ಪ್ಯಾಂಟು ಷರಟು?"

"ಪೆಟ್ಟಿಗೇಲಿ. ಹೊರಗಿಟ್ಟೆ."

"ಒಂದು ಜೊತೆನಾದ್ರೂ ಉಳಿಸ್ಬಾರ್ದಾ?"

"ಲಾರಿ ಬರೋ ಮುಂಚೆ ಎಲ್ಲಾ ಹೊರಗಿರ್ಬೇಕು, ಅಲ್ವೇನ್ರೀ?"

ನಿಲುವಂಗಿ ಹಡಗಿನದು. ಅದನ್ನು ಕೊಕ್ಕೆಗೆ ತಗುಲಿಹಾಕಿ, ಮಾಜಿ ಕಾರ್ಯದರ್ಶಿಗಳು ಲುಂಗಿ ಬನಿಯನ್ನಿನಲ್ಲಿ ಚೆನ್ನೈಗೆ ಇಳಿದರು.