ಮಾಮನ ಕೊಟ್ಟಿಗೆಗೆ ಇಬ್ಬರು ಡಾಕ್ಟರು

ಘಾಟಬೋರಾಳದ ನಮ್ಮ ಸೋದರಮಾವನ ಕೊಟ್ಟಿಗೆಗೆ ಹೋದವರು ಹೋದ ಹಾಗೆಯೇ ವಾಪಸ್ ಬಂದದ್ದನ್ನು ನಾನಂತೂ ನೋಡಿಲ್ಲ. ಕೆಲವರು ಬೈಯುತ್ತಾ ಬಂದಿದ್ದಾರೆ, ಕೆಲವರು ಒಂದೇ ಚಪ್ಪಲಿಯಲ್ಲಿ ಬಂದಿದ್ದಾರೆ. ಮಾಮನಿಗೆ ವಿಮೆ ಮಾಡಿಸುತ್ತೇನೆಂದು ಹೊರಟ ಏಜೆಂಟರೊಬ್ಬರು ಸಂಜೆಗೆ ತಲೆಯ ಮೇಲೆ ಮೇವಿನ ಹೊರೆ ಹೊತ್ತು ನಿಂತಿದ್ದರು. ಏನಾಯಿತು ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ!

ಮಾಮನಿಗೆ ಹುಚ್ಚೇ ಎಂದು ಕೇಳಬೇಡಿ. ಆತನ ಲೋಕದಲ್ಲಿ ದನ, ಎಮ್ಮೆ, ಮನುಷ್ಯ ಎಂಬ ಭೇದವಿಲ್ಲ, ಅಷ್ಟೇ. ಬಸವಕಲ್ಯಾಣದ ನಮ್ಮ ಮನೆಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಎಲ್ಲರೂ ಚೂಡಾ ತಿನ್ನುತ್ತಾ ಕುಳಿತಿರುವಾಗ ಮಾಮ ಎದ್ದು ಹೋಗಿ ವರನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಜರಾ ಬಾಯಿ ತೆರೆಯಿರಿ ಎಂದ. ನಮ್ಮ ಕಡೆಯ ಯಾವುದೋ ಶಾಸ್ತ್ರವಿರಬೇಕೆಂದು ಆ ಪುಣ್ಯಾತ್ಮ ತೆರೆದರು. ಮಾಮ ಹುಮನಾಬಾದಿನ ದನದ ಬಜಾರದಲ್ಲಿ ಎತ್ತಿನ ಹಲ್ಲು ನೋಡುವಂತೆ ಎರಡು ಬೆರಳಿನಿಂದ ತುಟಿ ಎತ್ತಿ ನೋಡಿದ. ಆಮೇಲೆ ಅಂಗಳದಲ್ಲಿ ನಡೆಸಿ, ಹಿಂದಿನಿಂದ ಕಾಲು ಪರೀಕ್ಷಿಸಿ, ನಮ್ಮಪ್ಪನಿಗೆ ತೀರ್ಪು ಕೊಟ್ಟ.

"ಹೂಡಾಕ ಅಡ್ಡಿ ಇಲ್ಲ. ಎಡಗಾಲು ಜರಾ ಎಳೀತದ."

ನಮ್ಮ ಮನೆಯವರು ಇವತ್ತಿಗೂ ಮಾಮ ಎದುರಾದರೆ ಎಡಗಾಲನ್ನು ಎಚ್ಚರದಿಂದ ಎತ್ತಿ ಇಡುತ್ತಾರೆ.

ಇಂಥವನ ಹತ್ತಿರ ನನ್ನ ಮಗಳನ್ನು ಕೆಲಸ ಕಲಿಯಲು ಕಳಿಸುವ ಗತಿ ಯಾಕೆ ಬಂತು ಎನ್ನುತ್ತೀರಾ? ಮಗಳು ದನದ ಡಾಕ್ಟರಿಕೆ ಓದುತ್ತಿದ್ದಾಳೆ. ಈ ಸಲ ರಜೆಯಲ್ಲಿ ಯಾವುದಾದರೂ ಸಾಕಣೆದಾರರ ಹತ್ತಿರ ಇದ್ದು ಸಗಣಿ ಬಾಚುವುದರಿಂದ ಹಾಲು ಹಿಂಡುವವರೆಗೆ ಎಲ್ಲವನ್ನೂ ಸ್ವಂತ ಕೈಯಿಂದ ಮಾಡಿ ಬರಬೇಕೆಂದು ಕಾಲೇಜಿನವರು ಹೇಳಿದ್ದರು. ಕೊನೆಗೆ ಆ ಯಜಮಾನರಿಗೆ ಕಾಲೇಜಿನಿಂದ ಫೋನ್ ಬರುತ್ತದೆ. ಅವರು ಹೌದು, ಮಾಡಿದ್ದಾಳೆ ಎಂದರೆ ಮುಂದಿನ ವರ್ಷದ ಪಾಠ. ಇಲ್ಲವೆಂದರೆ ಈ ವರ್ಷವೇ ಮತ್ತೊಮ್ಮೆ. ಮಂಡ್ಯದ ಕಡೆಯ ಅವಳ ಗೆಳತಿಯೂ ಅಷ್ಟು ದೂರದಿಂದ ನಮ್ಮನ್ನೇ ನಂಬಿ ಬಂದಿಳಿದಿದ್ದಳು. ನಾನು ಟೀಚರು, ನನಗೂ ಶಾಲೆಗೆ ರಜೆ. ನಮ್ಮ ಸೀಮೆಯಲ್ಲಿ ದನಕ್ಕೇನು ಬರವೇ ಎಂದು ಧೈರ್ಯವಾಗಿ ಇಬ್ಬರನ್ನೂ ಕರೆದುಕೊಂಡು ಹೊರಟೆ.

ಹುಮನಾಬಾದ್ ರಸ್ತೆಯ ದೊಡ್ಡ ಡೇರಿಯ ಮಾಲೀಕರು ಗೇಟಿನ ಆಚೆಯಿಂದಲೇ ಮಾತಾಡಿದರು. ಅವರ ಹಸುಗಳು ನಾಜೂಕಿನವಂತೆ, ಹೊಸ ಮುಖ ಕಂಡರೆ ಹಾಲು ಕಡಿಮೆಯಾಗುತ್ತದಂತೆ. ನನ್ನ ಮಗಳ ಮುಖದಲ್ಲಿ ಅಂಥದ್ದೇನಿದೆ ಎಂದು ನಾನು ರೇಗಿದೆ. ಅವರು ನನ್ನನ್ನೂ ಒಮ್ಮೆ ನೋಡಿ, ಹಸುಗಳಿಗೆ ಕಾಣದ ಹಾಗೆ ಆ ಮರದ ಹಿಂದೆ ನಿಲ್ಲಲು ಹೇಳಿದರು. ಮೋರಖಂಡಿಯ ಆಡು ಸಾಕುವವರು ಮಾತ್ರ ಬಹಳ ಪ್ರೀತಿಯಿಂದ ಬರಮಾಡಿಕೊಂಡರು. ಇಬ್ಬರು ಡಾಕ್ಟರು ಬಂದಿದ್ದಾರೆ ಎಂದು ಊರೆಲ್ಲ ಸುದ್ದಿಯಾಗಿ, ಕೆಮ್ಮುವ ಆಡು, ಒಂಟಿಕಣ್ಣಿನ ಹೋತ, ಕೊನೆಗೆ ಕಿವಿನೋವಿನ ಒಬ್ಬ ಹಿರಿಯರು ಸಾಲಾಗಿ ನಿಂತರು. ನಾವಿನ್ನೂ ಓದುತ್ತಿದ್ದೇವೆ ಎಂದು ಹುಡುಗಿಯರು ಬೇಡಿಕೊಂಡರೂ ಆ ಹಿರಿಯರು ಕಿವಿ ತೋರಿಸುತ್ತಲೇ ಇದ್ದರು. ಅವರಿಗೆ ಕೇಳಿಸಿದ್ದರೆ ತಾನೆ!

ನಾರಾಯಣಪುರದಲ್ಲಿ ಒಂದು ಮನೆಯಾಕೆ ಮಗಳ ಕೈ ಹಿಡಿದು, ಅಂಗೈ ತಿರುಗಿಸಿ, ಬೆರಳು ಮಡಚಿ ನೋಡಿದಳು. ಹಾಲು ಹಿಂಡುವ ಕಸುವಿದೆಯೇ ಎಂದು ನೋಡುತ್ತಿದ್ದಾಳೆ, ಇಲ್ಲಿ ಕೆಲಸವಾಯಿತು ಎಂದು ನಾನು ಹಿಗ್ಗಿದೆ. ಎಷ್ಟು ದಿನ ಬೇಕಾದರೂ ಇರಲಿ ಎಂದಳು. ಮರುಕ್ಷಣವೇ ಒಳಗಿನಿಂದ ತಲೆ ಬಾಚಿಕೊಂಡ ಮಗನನ್ನು ಕರೆದು ಎದುರಿಗೆ ಕೂರಿಸಿದಳು! ನಾವು ಚಹಾ ಕುಡಿಯದೆ ಬಸ್ಸು ಹಿಡಿದೆವು.

ಹೀಗೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಉಳಿದದ್ದು ಮಾಮ. ಮಾಮನ ಹೆಂಡತಿ, ನಮ್ಮ ಅತ್ತೆ, ತೀರಿಕೊಂಡು ಐದಾರು ತಿಂಗಳಾಗಿತ್ತು. ಅಲ್ಲಿಂದೀಚೆಗೆ ಮಾಮ ಯಾರ ಮನೆಗೂ ಬರುತ್ತಿರಲಿಲ್ಲ, ಯಾರನ್ನೂ ಕರೆಯುತ್ತಿರಲಿಲ್ಲ. ಫೋನಿನಲ್ಲಿ ಕೇಳಿದಾಗ ಮೊದಲು ಸಾಫ್ ಇಲ್ಲವೆಂದ. ನಾನು ಅತ್ತಂತೆ ಮಾಡಿದೆ. ಆಗ ಒಂದು ಕಾಯಿದೆ ಹೇಳಿದ. ಹುಡುಗಿಯರು ಸಗಣಿ ಬಾಚಲಿ, ಮೇವು ಹಾಕಲಿ, ಮೈ ತೊಳೆಯಲಿ. ಆದರೆ ಹಾಲು ಹಿಂಡುವ ಹೊತ್ತಿನಲ್ಲಿ ಕೊಟ್ಟಿಗೆಯ ಕಡೆ ಯಾರೂ ಸುಳಿಯಕೂಡದು. ಹಾಲು ಹಿಂಡದಿದ್ದರೆ ಕಾಲೇಜಿನವರು ಒಪ್ಪುವುದಿಲ್ಲವಲ್ಲ ಮಾಮಾ ಎಂದೆ. ಫೋನ್ ಕಟ್ಟಾಯಿತು. ಬೇರೆ ದಾರಿಯಿಲ್ಲದೆ ಮೂವರೂ ಗಂಟುಮೂಟೆ ಕಟ್ಟಿಕೊಂಡು ಹೊರಟೆವು.

ಹೋದ ದಿನವೇ ಹುಡುಗಿಯರು ಪ್ರತಿಯೊಂದು ಎಮ್ಮೆಯ ಮುಂದೆ ನಿಂತು ತಮ್ಮ ಹೆಸರು, ಅಪ್ಪನ ಹೆಸರು, ಊರು ಹೇಳಬೇಕಾಯಿತು. ಮಂಡ್ಯದ ಹುಡುಗಿ ನಾಚುತ್ತಾ ಹೇಳಿದಾಗ ಎಮ್ಮೆ ಮೆಲುಕು ಹಾಕುತ್ತಲೇ ಇತ್ತು. ಕೇಳಿಸಿಲ್ಲ ಅದಕ್ಕೆ, ಮತ್ತೆ ಹೇಳು ಎಂದ ಮಾಮ. ಎಮ್ಮೆಗಳನ್ನು ಆತ ಬೈಯುವುದು ಉರ್ದುವಿನಲ್ಲಿ, ಪುಸಲಾಯಿಸುವುದು ಮರಾಠಿಯಲ್ಲಿ, ಕನ್ನಡ ಮನುಷ್ಯರಿಗೆ. ಮರುದಿನ ಸಗಣಿಯ ಬುಟ್ಟಿ ಚೆಲ್ಲಿದ್ದಕ್ಕೆ ಮಗಳಿಗೆ ಉರ್ದುವಿನಲ್ಲಿ ಬೈಗುಳ ಬಿತ್ತು. ಅವಳು ಅದನ್ನು ಬಡ್ತಿ ಎಂದುಕೊಂಡು ದಿನವಿಡೀ ಖುಷಿಯಲ್ಲಿದ್ದಳು.

ಆದರೆ ಹಾಲಿನ ಹೊತ್ತಿಗೆ ಕೊಟ್ಟಿಗೆಯ ಬಾಗಿಲಿಗೆ ಒಳಗಿನಿಂದ ಚಿಲಕ. ದಿನಗಳು ಹೋಗುತ್ತಿದ್ದವು, ಹುಡುಗಿಯರ ಮುಖ ಸಣ್ಣದಾಗುತ್ತಿತ್ತು. ನಾನು ಕೇಳಿದಾಗಲೆಲ್ಲ ಮಾಮ ಎಮ್ಮೆಯ ಕಡೆ ತಿರುಗಿ ಮರಾಠಿಯಲ್ಲಿ ಏನೋ ಹೇಳುತ್ತಿದ್ದ. ಕೆಲಸದಲ್ಲಿ ಇನ್ನಷ್ಟು ಮೆಚ್ಚಿಸಿದರೆ ಮುದುಕ ಕರಗಬಹುದೆಂದು ಹುಡುಗಿಯರೇ ಲೆಕ್ಕ ಹಾಕಿದರು. ಒಂದು ಮಧ್ಯಾಹ್ನ ಮಾಮ ಹುಮನಾಬಾದಿಗೆ ಹಿಂಡಿ ತರಲು ಹೋಗಿದ್ದಾಗ ಇಡೀ ಕೊಟ್ಟಿಗೆಯನ್ನು ಉಜ್ಜಿ ತೊಳೆದರು. ನೆಲ ಹೊಳೆಯಿತು, ಗೋಡೆ ಹೊಳೆಯಿತು. ಗೋಡೆಯ ಗೂಟಕ್ಕೆ ಒಂದು ಹಸಿರು ನೂಲಿನ ಸೀರೆ ತೂಗುತ್ತಿತ್ತು. ಸಗಣಿ, ಹಾಲು, ಬೆವರು ಎಲ್ಲ ಹಿಡಿದು ಕಮಟು ವಾಸನೆ. ಕೊಟ್ಟಿಗೆಯ ಶುಚಿತ್ವದ ಬಗ್ಗೆ ಅವರಿಗೆ ದೊಡ್ಡ ಪಾಠವೇ ಆಗಿತ್ತಂತೆ. ಅದನ್ನೂ ಬಿಸಿನೀರಿನಲ್ಲಿ ನೆನೆಸಿ, ಸೋಪಿನ ಪುಡಿ ಸುರಿದು, ಕುಕ್ಕಿ ಕುಕ್ಕಿ ಒಗೆದು ಬಿಸಿಲಿಗೆ ಹರವಿದರು. ಸಂಜೆಯೊಳಗೆ ಒಣಗಿ, ಮಲ್ಲಿಗೆಯ ಘಮ ಹೊಡೆಯುತ್ತಾ ಮತ್ತೆ ಗೂಟಕ್ಕೇರಿತು. ಇಂಥ ಅನಾಹುತ ಓದಿದವರಿಂದಲೇ ಆಗಬೇಕು!

ಸಂಜೆ ಎಂದಿನಂತೆ ಚಿಲಕ ಬಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ಧಡ್ ಎಂಬ ಸದ್ದು, ಪಾತ್ರೆ ಉರುಳಿದ ಸದ್ದು, ಮಾಮನ ನರಳಾಟ. ಕಾಯಿದೆ ಯಾರಿಗೆ ನೆನಪಿರುತ್ತದೆ? ಮೂವರೂ ಸೇರಿ ಬಾಗಿಲು ನೂಕಿದೆವು, ಹಳೆಯ ಚಿಲಕ ಕಿತ್ತು ಬಂತು.

ನಾನು ನೋಡಿದ್ದನ್ನು ಹೇಗೆ ಹೇಳಲಿ! ನೆಲದ ಮೇಲೆ ಮಾಮ ಬಿದ್ದಿದ್ದಾನೆ. ತಲೆಯ ಮೇಲೆ ರುಮಾಲು, ಅದರ ಮೇಲೆ ಸೆರಗು. ಬಿಳಿ ಮೀಸೆ. ಅಂಗಿ ಧೋತರದ ಮೇಲೆ ಆ ಹಸಿರು ಸೀರೆ, ನೆರಿಗೆ ಹಿಡಿದು, ಕಚ್ಚೆ ಹಾಕಿ, ಅಚ್ಚುಕಟ್ಟಾಗಿ ಉಟ್ಟಿದ್ದಾನೆ! ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮಂಡ್ಯದ ಹುಡುಗಿ ನನ್ನ ತೋಳು ಹಿಡಿದುಕೊಂಡಳು.

"ಆಂಟಿ, ಇದು ನಮ್ಮ ಪಾಠದಲ್ಲಿ ಬಂದಿಲ್ಲ," ಎಂದಳು.

ಮಾಮ ನಮ್ಮನ್ನು ನೋಡಿ ನಾಚಲಿಲ್ಲ, ಬೈಯಲೂ ಇಲ್ಲ. ಎಮ್ಮೆಯ ಒದೆ ಬಿದ್ದ ಬಲಗೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಿಂದ ಸೆರಗನ್ನು ಮೂಗಿಗೆ ಹಿಡಿದು ಮೂಸುತ್ತಿದ್ದ. ಒಂದು ಕಡೆ ಮೂಸಿ, ಮತ್ತೊಂದು ಕಡೆ ಹುಡುಕಿ ಮೂಸಿದ.

"ಇದಕ್ಕ ಯಾರ ತೊಳದೀರಿ?"

ಮಗಳು ನಾನೇ ಎಂದಳು. ಮಾಮ ತಲೆ ಎತ್ತದೆ, ಎಲ್ಲ ಹೇಳಿದ. ಒದ್ದ ಆ ಎಮ್ಮೆ ಅತ್ತೆಯ ಕೈಯಲ್ಲೇ ಬೆಳೆದದ್ದು. ಅತ್ತೆ ಹೋದ ಮೇಲೆ ಯಾರು ಕುಳಿತರೂ ಹಾಲು ಬಿಡಲಿಲ್ಲ, ಕೆಚ್ಚಲು ಬಿಗಿದು ಒದ್ದಾಡಿತು. ಕೊನೆಗೊಂದು ದಿನ ಮಾಮ ಅತ್ತೆ ಹಾಲು ಹಿಂಡುವಾಗ ಉಡುತ್ತಿದ್ದ ಸೀರೆ ಉಟ್ಟು ಕುಳಿತ. ಎಮ್ಮೆ ತಿರುಗಿ ಮೂಸಿ ನೋಡಿ ಹಾಲು ಬಿಟ್ಟಿತು. ಅಂದಿನಿಂದ ದಿನಕ್ಕೆರಡು ಹೊತ್ತು ಇದೇ ವೇಷ. ಊರವರು ಕಂಡರೆ ನಗುತ್ತಾರೆಂದು ಚಿಲಕ.

"ಅಕಿ ವಾಸನಿ ಇತ್ತು ಅದರಾಗ," ಎಂದ. "ಈಗ ಅಂಗಡಿ ವಾಸನಿ ಬರಾಕತ್ತದ."

ನಾಳೆ ಬೆಳಗಿನ ಬಸ್ಸಿಗೆ ಮೂವರೂ ಹೋಗಿರಿ ಎಂದ ಮಾಮ. ಹೇಳಿದ್ದು ಕನ್ನಡದಲ್ಲಿ, ಅದೂ ಬಹಳ ಸಣ್ಣ ದನಿಯಲ್ಲಿ. ಉರ್ದುವಿನಲ್ಲಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗಳ ವರ್ಷವಂತೂ ಹೋಯಿತೆಂದುಕೊಂಡೆ. ಅವಳ ಕಣ್ಣು ಮಾತ್ರ ಎಮ್ಮೆಯ ಮೇಲಿತ್ತು. ಕೆಚ್ಚಲು ಕಲ್ಲಿನ ಹಾಗೆ ಬಿಗಿದಿತ್ತು. ಹಾಲು ಹಾಗೇ ನಿಂತರೆ ಬಾವು ಬರುತ್ತದೆ, ಮೊಲೆ ಕೆಟ್ಟುಹೋಗುತ್ತದೆ ಎಂದು ಅವಳೇ ನನಗೆ ಹೇಳಿದ್ದಳು.

"ಮುತ್ಯಾ, ಆ ಸೀರಿ ನನಗ ಕೊಡ್ರಿ," ಎಂದು ಅಜ್ಜನ ಮುಂದೆ ಕೈ ಚಾಚಿದಳು.

ಮಾಮ ಕೊಡಲಿಲ್ಲ. ಅವಳು ಕೈ ಚಾಚಿಕೊಂಡೇ ನಿಂತಳು. ಕೊನೆಗೆ ಎಮ್ಮೆ ನೋವಿನಿಂದ ಕಾಲು ಬದಲಿಸಿ ಕೂಗಿದಾಗ ಆತನೇ ಸೀರೆ ಬಿಚ್ಚಿ ಅವಳ ಕೈಗಿಟ್ಟು, ಕೈಗೆ ಬಟ್ಟೆ ಕಟ್ಟಿಕೊಳ್ಳಲು ಹೊರಗೆ ಹೋದ.

ಮಗಳು ಚೂಡಿದಾರದ ಮೇಲೆಯೇ ಸೀರೆ ಸುತ್ತಿಕೊಂಡಳು. ನನ್ನ ಗಾಜಿನ ಬಳೆ ಬಿಚ್ಚಿಸಿಕೊಂಡು ತೊಟ್ಟಳು. ಬಿಸಿನೀರಿನ ಬಟ್ಟೆಯನ್ನು ಕೆಚ್ಚಲಿಗೆ ಒತ್ತಿದಳು. ಕರುವನ್ನು ಬಿಟ್ಟು ಸ್ವಲ್ಪ ಉಣ್ಣಿಸಿ, ಅದನ್ನು ಎಳೆದು ತಾಯಿಯ ಮುಂದೆಯೇ ನಿಲ್ಲಿಸಲು ಗೆಳತಿಗೆ ಹೇಳಿ ಕುಳಿತಳು. ಎಮ್ಮೆ ಒದೆಯಲು ಕಾಲೆತ್ತಿತು. ಅವಳು ಜರುಗಲಿಲ್ಲ, ಅದರ ಹೊಟ್ಟೆಗೆ ಹಣೆ ಒತ್ತಿ ಕುಳಿತೇ ಇದ್ದಳು. ಎತ್ತಿದ ಕಾಲು ಮೆಲ್ಲಗೆ ಇಳಿಯಿತು. ಮೊದಲು ಎರಡು ಹನಿ, ಆಮೇಲೆ ಧಾರೆ! ಪಾತ್ರೆಯ ತಳಕ್ಕೆ ಹಾಲು ಬಿದ್ದ ಸದ್ದು, ಅದರ ಜೊತೆ ಬಳೆಯ ಸದ್ದು. ಇನ್ನು ಬಸ್ಸಿನ ಮಾತು ಬರುವುದಿಲ್ಲವೆಂದು ನನಗೆ ಅಲ್ಲಿಯೇ ಗೊತ್ತಾಯಿತು.

ತಿರುಗಿ ನೋಡಿದರೆ ಮಾಮ ಬಾಗಿಲಲ್ಲಿ ನಿಂತಿದ್ದ. ಇಷ್ಟು ತಿಂಗಳೂ ಆತ ಆ ಸೀರೆಯ ಒಳಗೇ ಇದ್ದವನು. ಹೊರಗೆ ನಿಂತು ಅದನ್ನು ನೋಡಿಯೇ ಇರಲಿಲ್ಲ. ಸಂಜೆಯ ಮಬ್ಬಿನಲ್ಲಿ ಹಸಿರು ಸೀರೆಯ ಬೆನ್ನು, ತಲೆಯ ಮೇಲಿನ ಸೆರಗು, ಎಮ್ಮೆಗೊರಗಿದ ಹಣೆ. ಆತನಿಗೆ ಕಾಣುವಂತೆ ನಾನು ಪಕ್ಕಕ್ಕೆ ಸರಿದೆ.

"ಸಾಕ್ ಏಳು ಇನ್ನ," ಎಂದ ಮಾಮ ಮೆಲ್ಲಗೆ. "ಭಾಳ ಹೊತ್ತ ಕುಂತ್ರ ನಿನ್ನ ಮೊಣಕಾಲ ಹಿಡ್ಕೋತಾವ."

ಇಪ್ಪತ್ತರ ಹುಡುಗಿಗೆ ಎಲ್ಲಿಯ ಮೊಣಕಾಲು ನೋವು! ನೋವಿದ್ದದ್ದು ಅತ್ತೆಗೆ.

ಮಗಳ ಕೈ ಒಂದು ಕ್ಷಣ ನಿಂತಿತು. ಮುಖ ತಿರುಗಿಸಲಿಲ್ಲ ಅವಳು. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, "ಹ್ಞೂಂ, ಬಂದೆ," ಎಂದಳು.